ಫಿನ್ ಕೊಳ್ಳುವ ಮುನ್ನ ಒದೆತ ಗಮನಿಸಿ

ಸ್ಕೂಬಾ ಡೈವಿಂಗ್ ಕಲಿಯಲು ಬರುವವರಲ್ಲಿ ಹೆಚ್ಚಿನವರು ನನ್ನನ್ನು ಕೇಳುವುದು, ಯಾವ ಫಿನ್ (ಪಾದಕ್ಕೆ ತೊಡುವ ಈಜುರೆಕ್ಕೆ) ಹಾಕಿಕೊಂಡರೆ ವೇಗವಾಗಿ ಸಾಗಬಹುದು ಎಂದು. ಆದರೆ ನೀರಿನೊಳಗೆ ವೇಗ ಬಹಳ ದುಬಾರಿ. ನೀರಿನ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು 2 ಪಟ್ಟು ಮಾಡಬೇಕೆಂದರೆ ತಡೆ 4 ಪಟ್ಟಾಗುತ್ತದೆ, ಅದನ್ನು 2 ಪಟ್ಟು ವೇಗದಲ್ಲಿ ಮೀರಬೇಕಾದ್ದರಿಂದ ಕಾಲುಗಳು ಸುಮಾರು 8 ಪಟ್ಟು ಶಕ್ತಿ ಒದಗಿಸಬೇಕು, ಅದಕ್ಕೆ ಬೇಕಾದ ಗಾಳಿ ಬೆನ್ನಿನ ಸಿಲಿಂಡರಿನಿಂದಲೇ ಬರಬೇಕು. ಹಾಗಾಗಿ ನಾನು ಮೊದಲು ಕೇಳುವುದು ಬೇರೆ: ನೀವು ಎಲ್ಲಿ ಮುಳುಗುತ್ತೀರಿ, ಹೇಗೆ ಒದೆಯುತ್ತೀರಿ?

ಎಲ್ಲಿ ಎಂಬುದು ಪಾದದ ಭಾಗವನ್ನು ನಿರ್ಧರಿಸುತ್ತದೆ. ಬೆಚ್ಚಗಿನ ನೀರಿನಲ್ಲಿ, ದೋಣಿಯಿಂದಲೇ ಇಳಿಯುವವರಿಗೆ ಬರಿಗಾಲಿಗೆ ಹಾಕಿಕೊಳ್ಳುವ, ಹಿಮ್ಮಡಿ ಮುಚ್ಚಿದ ಫಿನ್ ಸಾಕು. ಅದು ಹಗುರ, ಪಾದಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ನೀರು ತಣ್ಣಗಿದ್ದರೆ ಅಥವಾ ಕಲ್ಲುಬಂಡೆಗಳ ದಡದಿಂದ ನಡೆದು ಇಳಿಯಬೇಕಿದ್ದರೆ ನಿಯೋಪ್ರೀನ್ (ನೊರೆ ರಬ್ಬರ್) ಬೂಟು ಬೇಕಾಗುತ್ತದೆ. ಆಗ ಹಿಮ್ಮಡಿ ತೆರೆದ, ಹಿಂದೆ ಪಟ್ಟಿಯಿರುವ ಫಿನ್ ಆರಿಸಿಕೊಳ್ಳಬೇಕು. ಅಳತೆ ನೋಡುವಾಗ ಆ ಬೂಟನ್ನೇ ಹಾಕಿಕೊಂಡಿರಿ. ಬಿಗಿಯಾದರೆ ಪಾದ ಮರಗಟ್ಟುತ್ತದೆ. ಸಡಿಲವಾದರೆ ಒದೆದ ಬಲದಲ್ಲಿ ಒಂದಿಷ್ಟು ಪಾದ ಅಲುಗಾಡುವುದರಲ್ಲೇ ಕಳೆದುಹೋಗುತ್ತದೆ, ಬೆರಳು ಬಿಗಿಹಿಡಿದು ಮೀನಖಂಡ ಸೆಟೆದುಕೊಳ್ಳುತ್ತದೆ.

ಹೇಗೆ ಒದೆಯುತ್ತೀರಿ ಎಂಬ ಪ್ರಶ್ನೆಗೆ ಹೆಚ್ಚು ಸಮಯ ಕೊಡಬೇಕು. ಕಾಲುಗಳನ್ನು ಒಂದಾದ ಮೇಲೊಂದು ಮೇಲೆ ಕೆಳಗೆ ಆಡಿಸುವುದು ಫ್ಲಟರ್ ಕಿಕ್. ಅಲಗು, ಅಂದರೆ ಪಾದದಿಂದ ಮುಂದಕ್ಕೆ ಚಾಚಿದ ಚಪ್ಪಟೆ ಭಾಗ, ಉದ್ದಕ್ಕೆ ಸೀಳಿಕೊಂಡಿರುವ ಸ್ಪ್ಲಿಟ್ ಫಿನ್ ಈ ಒದೆತಕ್ಕೆಂದೇ ಹುಟ್ಟಿದ್ದು. ಚಿಕ್ಕ, ಚುರುಕಾದ ಒದೆತಗಳಲ್ಲೇ ಸಾಗಬಹುದು, ಮಂಡಿಗೆ ಹೊರೆ ಕಡಿಮೆ. ಮಂಡಿನೋವಿರುವವರಿಗೆ ನಾನು ಇದನ್ನು ಹಿಂಜರಿಯದೆ ಹೇಳುತ್ತೇನೆ. ಆದರೆ ಕಪ್ಪೆಯಂತೆ ಕಾಲು ಮಡಚಿ ಅಗಲಿಸಿ ಒದೆಯುವ ಫ್ರಾಗ್ ಕಿಕ್‌ಗೆ, ಇದ್ದಲ್ಲೇ ತಿರುಗುವುದಕ್ಕೆ, ಹಿಂದಕ್ಕೆ ಸರಿಯುವುದಕ್ಕೆ ಸೀಳಿದ ಅಲಗು ಸೋಲುತ್ತದೆ. ಅಲ್ಲಿ ನೀರನ್ನು ಇಡಿಯಾಗಿ ಹಿಡಿದು ತಳ್ಳುವ, ಸೀಳಿಲ್ಲದ ಗಟ್ಟಿ ಅಲಗು ಬೇಕು.

ಹಿಂದಕ್ಕೆ ಸರಿಯುವುದು ದೊಡ್ಡ ವಿದ್ಯೆಯಲ್ಲ ಎಂದು ಅನೇಕರು ಉದಾಸೀನ ಮಾಡುತ್ತಾರೆ. ಹವಳದ ಮುಂದೆ ಕ್ಯಾಮೆರಾ ಹಿಡಿದವರು ಹಿಂದೆ ಸರಿಯಲಾಗದೆ ಕೈಯೂರಿ, ಕಾಲು ಬಡಿದು, ವರ್ಷಗಳ ಕಾಲ ಬೆಳೆದ ಕೊಂಬೆಗಳನ್ನು ಮುರಿಯುವುದನ್ನು ಕಂಡಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಛಾಯಾಗ್ರಾಹಕರು ಲೆನ್ಸ್ ಆರಿಸುವಷ್ಟೇ ಗಮನ ಕೊಟ್ಟು ಫಿನ್ ಆರಿಸಲಿ.

ಮುಳುಗಿದ ಹಡಗು, ಗುಹೆಗಳ ಒಳಗೆ ಇದು ಜೀವದ ಪ್ರಶ್ನೆ. ಫ್ಲಟರ್ ಕಿಕ್ ನೀರನ್ನು ಕೆಳಕ್ಕೂ ತಳ್ಳುವುದರಿಂದ ತಳದ ಹೂಳು ಎದ್ದು ಹೊರಗೆ ಹೋಗುವ ದಾರಿಯೇ ಕಾಣದಂತಾಗಬಹುದು. ಫ್ರಾಗ್ ಕಿಕ್ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಇಂಥ ಕಡೆ ಇಳಿಯುವವರು ಗಿಡ್ಡ, ಅಗಲ, ಭಾರದ ರಬ್ಬರ್ ಫಿನ್ ಮೆಚ್ಚುವುದು ಇದಕ್ಕೇ. ಫ್ರಾನ್ಸಿನ ಬ್ಯೂಶಾ ಸಂಸ್ಥೆ 1964ರಲ್ಲಿ ತಂದ ಜೆಟ್ ಫಿನ್‌ನ ವಿನ್ಯಾಸ ಇಂದಿಗೂ ಹಳತಾಗಿಲ್ಲ. ಅದರ ಅಲಗಿನ ರಂಧ್ರಗಳು ಕಾಲನ್ನು ಹಿಂದಕ್ಕೆ ತರುವಾಗ ನೀರಿಗೆ ದಾರಿ ಬಿಟ್ಟು ಶ್ರಮ ತಗ್ಗಿಸುತ್ತವೆ.

ಫಿನ್ನಿನ ತೂಕವನ್ನು ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಅಳೆಯಬೇಡಿ, ಅದು ನೀರಿನಲ್ಲಿ ತೇಲುತ್ತದೆಯೋ ಮುಳುಗುತ್ತದೆಯೋ ಎಂಬುದು ಮುಖ್ಯ. ನೀರು ಒಳಬರದ ಡ್ರೈಸೂಟ್ ಧರಿಸುವವರ ಕಾಲಿನ ಭಾಗದಲ್ಲಿ ಗಾಳಿ ಸೇರಿ ಪಾದಗಳು ಮೇಲೇಳುತ್ತವೆ, ಅವರಿಗೆ ಭಾರದ ರಬ್ಬರ್ ಫಿನ್ ಆಸರೆ. ಮೈಗೆ ಅಂಟಿಕೊಂಡಿರುವ, ನೀರು ಒಳಬರುವ ತೆಳುವಾದ ವೆಟ್‌ಸೂಟ್ ಧರಿಸಿದವರ ಕಾಲುಗಳನ್ನು ಅದೇ ಫಿನ್ ಕೆಳಕ್ಕೆ ಜಗ್ಗಿ, ದೇಹ ಅಡ್ಡವಾಗಿ ನಿಲ್ಲದಂತೆ ಮಾಡಬಹುದು. ಡೈವ್‌ನ ಕೊನೆಯಲ್ಲಿ ಕೈಕಾಲು ಆಡಿಸದೆ ಒಂದು ನಿಮಿಷ ನಿಂತು ನೋಡಿ. ಆ ಹೊತ್ತಿಗೆ ಸಿಲಿಂಡರಿನ ಸುಮಾರು 2 ಕೆ.ಜಿ. ಗಾಳಿ ಖರ್ಚಾಗಿರುತ್ತದೆ, ಸಮತೋಲವೂ ಬದಲಾಗಿರುತ್ತದೆ. ಕಾಲು ಇಳಿಯುತ್ತಿದ್ದರೆ ಹಗುರವಾದದ್ದು, ಏಳುತ್ತಿದ್ದರೆ ಭಾರವಾದದ್ದು ನೋಡಿ.

ಪ್ರವಾಹವಿರುವ ಕಡೆಗೆ ಅತಿ ಗಟ್ಟಿ ಅಲಗೇ ಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜೋರು ಪ್ರವಾಹವನ್ನು ಎದುರಿಸಿ ಗೆಲ್ಲಿಸುವ ಫಿನ್ ಯಾವುದೂ ಇಲ್ಲ. ತಳದ ಹತ್ತಿರ ಹರಿವು ಸಾಮಾನ್ಯವಾಗಿ ನಿಧಾನವಿರುತ್ತದೆ, ಅಲ್ಲಿಗೆ ಇಳಿಯಬೇಕು ಇಲ್ಲವೇ ಹರಿವಿನೊಂದಿಗೆ ಸಾಗುವಂತೆ ಡೈವ್ ಯೋಜಿಸಬೇಕು. ಅಗತ್ಯ ಬಿದ್ದಾಗ ಕೆಲವು ಕ್ಷಣ ಬಿರುಸಾಗಿ ಒದೆಯಲು ಮಧ್ಯಮ ಗಡಸಿನ ಅಲಗು ಸಾಕು. ಉಸಿರು ಹಿಡಿದು ಮುಳುಗುವವರ ಉದ್ದನೆಯ ಕಾರ್ಬನ್ ಫಿನ್ ಸ್ಕೂಬಾಕ್ಕೆ ಬೇಡ. ಇಕ್ಕಟ್ಟಿನಲ್ಲಿ ತಿರುಗುವಾಗ ಅದರ ತುದಿ ಎಲ್ಲೆಲ್ಲೋ ತಾಗುತ್ತದೆ.

ಹಿಮ್ಮಡಿಯ ಪಟ್ಟಿ ಸ್ಟೀಲ್ ಸ್ಪ್ರಿಂಗ್‌ನದ್ದಾಗಿದ್ದರೆ ಒಳ್ಳೆಯದು, ಕೈಗವಸು ಹಾಕಿದ್ದರೂ ಎಳೆದು ತೊಡಬಹುದು. ರಬ್ಬರ್ ಪಟ್ಟಿಯಾದರೆ ಬಿರುಕು ಬಿಟ್ಟಿದೆಯೇ ಎಂದು ಪ್ರತಿ ಬಾರಿ ಬಗ್ಗಿಸಿ ನೋಡಿ, ಚೀಲದಲ್ಲಿ ಇನ್ನೊಂದನ್ನು ಇಟ್ಟುಕೊಳ್ಳಿ. ಮೊದಲ ಜೋಡಿಗೆ ಹಣ ಕೊಡುವ ಮುನ್ನ ಎರಡು ಮೂರು ಬಗೆಯವನ್ನು ಬಾಡಿಗೆಗೆ ಪಡೆದು ಈಜುಕೊಳದಲ್ಲಿ ಪರೀಕ್ಷಿಸಿ: ಮುಂದೆ ಹೋಗಿ, ಇದ್ದಲ್ಲೇ ತಿರುಗಿ, ಆಮೇಲೆ ಹಿಂದಕ್ಕೆ ಸರಿಯಲು ಪ್ರಯತ್ನಿಸಿ.