ತೊಳೆಯುವ ಮುನ್ನ ಮಹಜರು: ವಿಕಿರಣ ಅಪರಾಧ ಸ್ಥಳದ ತನಿಖೆ ರೂಪುಗೊಂಡ ಬಗೆ

ವಿಕಿರಣಶೀಲ ಪುಡಿ ಚೆಲ್ಲಿದೆ ಎಂದು ಗೊತ್ತಾದರೆ ವಿಕಿರಣ ಸುರಕ್ಷತೆಯವರು ಕಲಿತ ಪಾಠ ಒಂದೇ: ಒರೆಸು, ತೊಳೆ, ಮಣ್ಣು ಕೆರೆ, ಪೀಪಾಯಿಗೆ ತುಂಬಿ ಮುಚ್ಚು. ಅಪರಾಧ ನಡೆದಿದೆ ಎಂದು ಗೊತ್ತಾದರೆ ಪೊಲೀಸರು ಕಲಿತ ಪಾಠವೂ ಒಂದೇ: ಯಾರೂ ಏನನ್ನೂ ಮುಟ್ಟಬೇಡಿ. ತಮ್ಮ ತಮ್ಮ ಜಾಗದಲ್ಲಿ ಎರಡೂ ಸರಿ. ಆದರೆ ಪುಡಿ ಚೆಲ್ಲಿದ ಕೋಣೆಯೇ ಅಪರಾಧ ನಡೆದ ಕೋಣೆಯೂ ಆಗಿಬಿಟ್ಟರೆ? ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ, ಈ ಒಂದು ಪ್ರಶ್ನೆಗೆಂದೇ ಮಾರ್ಗದರ್ಶಿಯೊಂದನ್ನು ಹೊರತಂದದ್ದು 2014ರಲ್ಲಿ. ಅಷ್ಟರೊಳಗೆ ಹಲವು ದೇಶಗಳು ಅದರ ಉತ್ತರವನ್ನು ಕಷ್ಟಪಟ್ಟೇ ಕಲಿತಿದ್ದವು.

ಕಥೆಯನ್ನು ಬ್ರೆಜಿಲ್‌ನ ಗೊಯಾನಿಯಾದಿಂದ ಶುರು ಮಾಡುವುದು ಸರಿ. ಅಲ್ಲಿ ಯಾರಿಗೂ ಕೊಲ್ಲುವ ಉದ್ದೇಶ ಇರಲಿಲ್ಲ. 1987ರ ಸೆಪ್ಟೆಂಬರ್ 13ರಂದು ಪಾಳು ಬಿದ್ದ ಚಿಕಿತ್ಸಾಲಯದಿಂದ ಇಬ್ಬರು ಕ್ಯಾನ್ಸರ್ ಚಿಕಿತ್ಸೆಯ ಯಂತ್ರದ ಭಾಗವೊಂದನ್ನು ಗುಜರಿಗೆ ಮಾರಲು ಹೊತ್ತೊಯ್ದರು. ಒಳಗಿದ್ದದ್ದು ಸುಮಾರು 93 ಗ್ರಾಂ ಸೀಸಿಯಂ ಕ್ಲೋರೈಡ್, 50.9 ಟೆರಾಬೆಕ್ವೆರೆಲ್ (ವಿಕಿರಣಶೀಲತೆಯ ಅಳತೆ) ಸೀಸಿಯಂ-137. ಉಪ್ಪಿನಂತೆ ಪುಡಿಯಾಗುವ, ನೀರಿನಲ್ಲಿ ಸಲೀಸಾಗಿ ಕರಗುವ ವಸ್ತು ಅದು. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಆ ಪುಡಿಯನ್ನು ನೆಂಟರಿಷ್ಟರು ಹಂಚಿಕೊಂಡರು, ಮೈಗೆ ಹಚ್ಚಿಕೊಂಡರು. ಸುತ್ತಲಿನವರು ಕಾಯಿಲೆ ಬೀಳುತ್ತಿರುವುದನ್ನು ಕಂಡ ಗುಜರಿ ಮಾಲೀಕನ ಹೆಂಡತಿ ಉಳಿದ ತುಂಡನ್ನು ಚೀಲಕ್ಕೆ ಹಾಕಿಸಿ, ಬಸ್ಸಿನಲ್ಲಿ ಆರೋಗ್ಯ ಕಚೇರಿಗೆ ಸಾಗಿಸಿದಳು. ಸೆಪ್ಟೆಂಬರ್ 29ರಂದು ವಿಕಿರಣ ಮಾಪಕ ತಂದು ನೋಡುವವರೆಗೆ ಅದೇನೆಂದು ಯಾರಿಗೂ ತಿಳಿದಿರಲಿಲ್ಲ. ನಾಲ್ವರು ಸತ್ತರು. 249 ಜನರ ಮೈಮೇಲೆ ಅಥವಾ ದೇಹದೊಳಗೆ ಮಾಲಿನ್ಯ ಪತ್ತೆಯಾಯಿತು. ಸುಮಾರು 1,12,000 ಜನರನ್ನು ಕ್ರೀಡಾಂಗಣದಲ್ಲಿ ತಪಾಸಣೆ ಮಾಡಬೇಕಾಯಿತು, ಮನೆಗಳನ್ನೇ ಕೆಡವಬೇಕಾಯಿತು.

ತನಿಖೆಯ ಕಣ್ಣಿನಿಂದ ನೋಡಿದರೆ ಗೊಯಾನಿಯಾ ಎರಡು ಸಂಗತಿಗಳನ್ನು ತೋರಿಸಿಕೊಟ್ಟಿತು. ವಸ್ತುವಿನ ತೀವ್ರತೆಯಷ್ಟೇ ಅದರ ರೂಪವೂ ಮುಖ್ಯ. ಲೋಹದ ಗಟ್ಟಿಯಾಗಿದ್ದರೆ ಇದ್ದಲ್ಲೇ ಇರುತ್ತದೆ, ಕರಗುವ ಪುಡಿಯಾದರೆ ಚಪ್ಪಲಿ, ನೋಟು, ಬಸ್ಸಿನ ಸೀಟು ಹಿಡಿದು ನಡೆಯುತ್ತದೆ. ಎರಡನೆಯದು, ಇಂಥ ಪ್ರಕರಣದಲ್ಲಿ ‘ಘಟನಾ ಸ್ಥಳ’ಕ್ಕೆ ನಾಲ್ಕು ಗೋಡೆಗಳಿಲ್ಲ. ಯಾರು ಎಲ್ಲಿ ಕೂತರು, ಯಾವ ಬಾಗಿಲು ತೆರೆದರು ಎಂಬುದನ್ನೆಲ್ಲ ಮಾಲಿನ್ಯವೇ ಬರೆದಿಡುತ್ತದೆ. ತೊಳೆದರೆ ಆ ಬರಹವೂ ಅಳಿಸಿಹೋಗುತ್ತದೆ. ಗೊಯಾನಿಯಾದಲ್ಲಿ ಜೀವ ಉಳಿಸುವುದೇ ಮೊದಲಾಗಿತ್ತು, ಆಗಬೇಕಾದದ್ದೂ ಅದೇ. ಆ ಬರಹವನ್ನು ಸಾಕ್ಷ್ಯವಾಗಿ ಓದುವ ಸಂದರ್ಭ ಬಂದದ್ದು ಸುಮಾರು ಎರಡು ದಶಕಗಳ ನಂತರ, ಲಂಡನ್‌ನಲ್ಲಿ.

ನಡುವಿನ 1990ರ ದಶಕ ಕಳ್ಳಸಾಗಣೆಯ ಕಾಲ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಯುರೋಪಿನಲ್ಲಿ ಅಣು ಸಾಮಗ್ರಿ ಒಂದರ ಹಿಂದೊಂದು ಸಿಕ್ಕಿಬೀಳತೊಡಗಿತು. 1994ರ ಆಗಸ್ಟ್‌ನಲ್ಲಿ ಮಾಸ್ಕೋದಿಂದ ಮ್ಯೂನಿಕ್‌ಗೆ ಬಂದಿಳಿದ ವಿಮಾನದ ಸಾಮಾನಿನಲ್ಲಿ 363 ಗ್ರಾಂ ಪ್ಲುಟೋನಿಯಂ ಸಿಕ್ಕಿತು. ಅದೇ ಡಿಸೆಂಬರ್‌ನಲ್ಲಿ ಪ್ರಾಗ್‌ನಲ್ಲಿ 2.7 ಕಿಲೋ ಅತಿ ಸಂವರ್ಧಿತ ಯುರೇನಿಯಂ, ಅಂದರೆ ಸುಲಭವಾಗಿ ಒಡೆಯುವ ಯುರೇನಿಯಂ-235ರ ಪಾಲನ್ನು ಬಹಳ ಹೆಚ್ಚಿಸಿದ ಯುರೇನಿಯಂ, ಸಿಕ್ಕಿತು. 1995ರಲ್ಲಿ ಐಎಇಎ ಇಂಥ ಪ್ರಕರಣಗಳ ದಾಖಲೆ ಕೋಶ ತೆರೆಯಿತು. 1993ರಿಂದ ಈಚೆಗೆ ಅದರಲ್ಲಿ ಸೇರಿದ ಘಟನೆಗಳ ಸಂಖ್ಯೆ 4,000 ದಾಟಿದೆ. ಅದೇ 1995ರ ನವೆಂಬರ್‌ನಲ್ಲಿ ಮಾಸ್ಕೋದ ಇಜ್ಮೈಲೊವೊ ಉದ್ಯಾನದಲ್ಲಿ ಚೆಚೆನ್ ಪ್ರತ್ಯೇಕತಾವಾದಿಗಳು ಸೀಸಿಯಂ ಇದ್ದ ಪೊಟ್ಟಣ ಹೂತಿಟ್ಟು, ಟಿವಿ ವಾಹಿನಿಗೆ ಸುದ್ದಿ ಕೊಟ್ಟರು. ಯಾರಿಗೂ ಅಪಾಯವಾಗಲಿಲ್ಲ. ಆದರೆ ಹೆದರಿಸಲು ವಿಕಿರಣವನ್ನು ಬಳಸಬಹುದು ಎಂಬುದು ಆ ದಿನ ಎಲ್ಲರಿಗೂ ಗೊತ್ತಾಯಿತು.

ಈ ದಶಕದ ಜಪ್ತಿಗಳಲ್ಲಿ ಹತ್ತಿರದಿಂದ ನೋಡಬೇಕಾದದ್ದು ಬಲ್ಗೇರಿಯಾದ ರೂಸೆ ಗಡಿಯದ್ದು. 1999ರ ಮೇ 29ರಂದು ಕಾರೊಂದರ ಡಿಕ್ಕಿಯಲ್ಲಿದ್ದ ಏರ್ ಕಂಪ್ರೆಸರ್‌ನೊಳಗೆ ಸೀಸದ ಪುಟ್ಟ ಡಬ್ಬಿ ಸಿಕ್ಕಿತು. ಡಬ್ಬಿಯೊಳಗೆ ಹಳದಿ ಮೇಣ, ಮೇಣದೊಳಗೆ ಗಾಜಿನ ಆಂಪೂಲ್, ಆಂಪೂಲ್‌ನಲ್ಲಿ ನುಣ್ಣನೆಯ ಕಪ್ಪು ಪುಡಿ. ಕೆಲವೇ ಗ್ರಾಂ ಯುರೇನಿಯಂ, ಅದರಲ್ಲಿ ಸುಮಾರು 73 ಶೇಕಡ ಯುರೇನಿಯಂ-235. ಅಮೆರಿಕದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯ ಇದನ್ನು ಪರೀಕ್ಷಿಸಿದ ಕ್ರಮ ಈ ಕ್ಷೇತ್ರದವರಿಗೆ ಇಂದಿಗೂ ಪಠ್ಯ. ಪುಡಿಯಲ್ಲಿ ಯುರೇನಿಯಂ-236 ಇತ್ತು. ಅಂದರೆ ಅದು ಒಮ್ಮೆ ರಿಯಾಕ್ಟರಿನಲ್ಲಿ ಉರಿದು, ಮರುಸಂಸ್ಕರಣೆಯಾಗಿ ಬಂದ ಮಾಲು. ಯುರೇನಿಯಂ ತಾನಾಗಿಯೇ ಒಡೆದು ಕ್ಷಯಿಸುವಾಗ ಹುಟ್ಟುವ ಧಾತುಗಳ ಪ್ರಮಾಣ ಅಳೆದಾಗ, ಅದನ್ನು ಕೊನೆಯ ಬಾರಿ ಶುದ್ಧಗೊಳಿಸಿದ್ದು 1993ರ ಸುಮಾರಿಗೆ ಎಂದು ತಿಳಿಯಿತು. ಅಲ್ಲಿಗೇ ನಿಂತಿದ್ದರೆ ಅರ್ಧ ಕೆಲಸವಾಗುತ್ತಿತ್ತು. ಮೇಣಕ್ಕೆ ಬಣ್ಣ ಕೊಟ್ಟದ್ದು ಬೇರಿಯಂ ಕ್ರೋಮೇಟ್ ಎಂದು ಗೊತ್ತಾಯಿತು. ಜೊತೆಗಿದ್ದ ಕಾಗದದ ನಾರು ಪೂರ್ವ ಯುರೋಪಿನ ಮರಗಳ ಕಡೆ ಬೆರಳು ಮಾಡಿತು. ಪುಡಿಯಷ್ಟೇ ಮಾತು ಅದರ ಹೊದಿಕೆಯೂ ಆಡಿತು. ‘ಅಪಾಯದ ವಸ್ತು ತೆಗೆದು ಭದ್ರ ಮಾಡಿ, ಉಳಿದ ಕಸ ಎಸೆಯಿರಿ’ ಎಂದಿದ್ದರೆ ಮೇಣವೂ ಕಾಗದವೂ ಕಸದ ಪಾಲಾಗುತ್ತಿದ್ದವು.

ಇನ್ನು 2006ರ ಲಂಡನ್. ನವೆಂಬರ್ 1ರಂದು ಮಿಲೇನಿಯಂ ಹೋಟೆಲಿನ ಪೈನ್ ಬಾರ್‌ನಲ್ಲಿ ರಷ್ಯಾದ ಮಾಜಿ ಗುಪ್ತಚರ ಅಧಿಕಾರಿ ಅಲೆಕ್ಸಾಂಡರ್ ಲಿಟ್ವಿನೆಂಕೊ ಚಹಾ ಕುಡಿದರು, ನವೆಂಬರ್ 23ರಂದು ತೀರಿಕೊಂಡರು. ಮೊದಲು ವೈದ್ಯರ ಅನುಮಾನ ಥಾಲಿಯಂ ವಿಷದ ಮೇಲಿತ್ತು. ಗೈಗರ್ ಮಾಪಕ ಏನೂ ತೋರಿಸಲಿಲ್ಲ. ಕಾರಣ ಸರಳ: ಅವರ ದೇಹ ಸೇರಿದ್ದ ವಿಷ ಪೊಲೋನಿಯಂ-210, ಅದು ಹೊರಸೂಸುವುದು ಹೆಚ್ಚುಕಮ್ಮಿ ಆಲ್ಫಾ ಕಣಗಳನ್ನು ಮಾತ್ರ. ಅವು ಗಾಳಿಯಲ್ಲಿ ನಾಲ್ಕು ಸೆಂಟಿಮೀಟರ್ ದಾಟುವುದಿಲ್ಲ, ಚರ್ಮದ ಹೊರಪದರವನ್ನೂ ದಾಟುವುದಿಲ್ಲ. ಸುಮಾರು ಒಂದು ಲಕ್ಷ ಕ್ಷಯಗಳಲ್ಲಿ ಒಂದರಲ್ಲಿ ಮಾತ್ರ 803 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ದೂರ ತೂರಿಹೋಗುವ ಗಾಮಾ ಕಿರಣ ಹೊರಡುತ್ತದೆ. ಮೂತ್ರದ ಮಾದರಿಯ ಪರೀಕ್ಷೆಯಲ್ಲಿ ಆ ಗಾಮಾ ಕಿರಣದ ಪುಟ್ಟ ಗುರುತು ಕಂಡದ್ದೇ ಸುಳಿವಾಯಿತು. ಖಚಿತವಾಗುವ ಹೊತ್ತಿಗೆ ಸಾವಿಗೆ ಕೆಲವೇ ಗಂಟೆ ಉಳಿದಿತ್ತು.

ಅಲ್ಲಿಂದ ಮುಂದಿನದು ಗೊಯಾನಿಯಾದ ಪಾಠವನ್ನು ತಿರುಗಿಸಿ ಹಿಡಿದಂತೆ. ಬಾರ್‌ನ ಮೇಜು, ಹೋಟೆಲ್ ಕೋಣೆಗಳ ಬಚ್ಚಲು, ವಿಮಾನದ ಸೀಟು, ಫುಟ್‌ಬಾಲ್ ಕ್ರೀಡಾಂಗಣ, ಹೀಗೆ ಶಂಕಿತರು ಹೋದಲ್ಲೆಲ್ಲ ಪೊಲೋನಿಯಂ ಹೆಜ್ಜೆ ಬಿಟ್ಟಿತ್ತು. ಚಹಾದ ಕೆಟಲ್ ಸಿಗುವ ಹೊತ್ತಿಗೆ ಅದು ಪಾತ್ರೆ ತೊಳೆಯುವ ಯಂತ್ರಕ್ಕೆ ಹೋಗಿಬಂದು ಮತ್ತೆ ಬಳಕೆಗೆ ಸೇರಿತ್ತು. ಆದರೂ ಅದರಲ್ಲಿ ತೀವ್ರ ಮಾಲಿನ್ಯ ಉಳಿದಿತ್ತು. ಇಲ್ಲಿ ತನಿಖೆಗೆ ಬಲ ಕೊಟ್ಟದ್ದು ಒಂದು ಸೂಕ್ಷ್ಮ ವಿಂಗಡಣೆ. ವಸ್ತುವೇ ನೇರವಾಗಿ ಬಿದ್ದ ಜಾಗದ ಪ್ರಾಥಮಿಕ ಮಾಲಿನ್ಯ ಬೇರೆ, ಮುಟ್ಟಿದ ಕೈ ಅಥವಾ ಬೆವರಿನಿಂದ ಹರಡಿದ ದ್ವಿತೀಯ ಮಾಲಿನ್ಯ ಬೇರೆ. ಯಾರು ವಿಷ ತಂದರು, ಯಾರು ಬರೀ ಆ ಕುರ್ಚಿಯಲ್ಲಿ ಕೂತರು ಎಂದು ಹೇಳಲು ಈ ವ್ಯತ್ಯಾಸ ಬೇಕು. ಮರಣೋತ್ತರ ಪರೀಕ್ಷೆ ನಡೆದದ್ದು ಡಿಸೆಂಬರ್ 1ರಂದು. ಪರೀಕ್ಷಕರು ಎರಡು ಪದರ ರಕ್ಷಣಾ ಉಡುಪು ತೊಟ್ಟು, ಶೋಧಿಸಿದ ಗಾಳಿ ಹಾಯಿಸುವ ಮುಸುಕಿನೊಳಗೆ ಕೆಲಸ ಮಾಡಿದರು. ಈ ಸಾವಿನ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆಸಿದ ಸರ್ ರಾಬರ್ಟ್ ಓವನ್ ಅವರ ವರದಿ ಹೊರಬಂದದ್ದು 2016ರಲ್ಲಿ.

ಕಾನೂನಿನ ಚೌಕಟ್ಟು ಇದರ ಜೊತೆಜೊತೆಗೇ ಬೆಳೆಯಿತು. ಅಣು ಭಯೋತ್ಪಾದನೆ ಕೃತ್ಯಗಳನ್ನು ಹತ್ತಿಕ್ಕುವ ಅಂತರರಾಷ್ಟ್ರೀಯ ಒಪ್ಪಂದ 2005ರಲ್ಲಿ ಅಂಗೀಕಾರವಾಗಿ 2007ರಲ್ಲಿ ಜಾರಿಗೆ ಬಂತು. ವಶಪಡಿಸಿಕೊಂಡ ವಸ್ತುವನ್ನು ನಿರಪಾಯಗೊಳಿಸಿ, ನಿಯಮದಂತೆ ಇರಿಸಿಕೊಳ್ಳುವ ಹೊಣೆಯನ್ನು ಅದು ಆಯಾ ದೇಶದ ಮೇಲೆ ಹಾಕಿತು. 2013ರ ಡಿಸೆಂಬರ್‌ನಲ್ಲಿ ಮೆಕ್ಸಿಕೊದಲ್ಲಿ ಕಳ್ಳರು ಲಾರಿಯೊಂದನ್ನು ಅಪಹರಿಸಿದರು. ಅದರಲ್ಲಿ 111 ಟೆರಾಬೆಕ್ವೆರೆಲ್‌ನ ಕೋಬಾಲ್ಟ್-60 ಆಕರ, ಅಂದರೆ ವಿಕಿರಣ ಸೂಸುವ ವಸ್ತು, ಇತ್ತು. ವಿಕಿರಣ ತಡೆಯುವ ಹೊದಿಕೆಯಿಂದ ಹೊರತೆಗೆದು ಹೊಲದಲ್ಲಿ ಬಿಸಾಡಿದ್ದ ಅದನ್ನು ಎತ್ತಲು ರೋಬಾಟ್ ಬಳಸಬೇಕಾಯಿತು. ಐಎಇಎ ಮಾರ್ಗದರ್ಶಿ ಬಂದದ್ದು ಅದರ ಮರುವರ್ಷ.

ಈಗ ಕೆಲಸದ ಕ್ರಮಕ್ಕೆ ಬರೋಣ. ಮೊದಲು ಹೋದವರಿಗೆ ಏನು ಸಿಕ್ಕಿದೆ ಎಂದು ಗೊತ್ತಿರುವುದಿಲ್ಲ. ಆದ್ದರಿಂದ ಜನರನ್ನು ತಡೆದು ನಿಲ್ಲಿಸುವ ಆರಂಭದ ದೂರಗಳು ಮೊದಲೇ ನಿಗದಿಯಾಗಿವೆ. ಹೊದಿಕೆ ಹೋದ ಅಥವಾ ಒಡೆದ ಅಪಾಯಕಾರಿ ಆಕರವಾದರೆ ಸುತ್ತ 30 ಮೀಟರ್. ದೊಡ್ಡ ಪ್ರಮಾಣದಲ್ಲಿ ಚೆಲ್ಲಿದ್ದರೆ 100 ಮೀಟರ್. ಬೆಂಕಿ ಅಥವಾ ಹೊಗೆ ಇದ್ದರೆ 300, ಬಾಂಬ್ ಅನುಮಾನ ಇದ್ದರೆ 400 ಮೀಟರ್ ಅಥವಾ ಹೆಚ್ಚು. ಮಾಪಕ ಬಂದ ಮೇಲೆ ಒಳಗೆರೆಯನ್ನು, ಅಂದರೆ ಅಪಾಯದ ವಲಯದ ಗಡಿಯನ್ನು, ಗಂಟೆಗೆ 100 ಮೈಕ್ರೊಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ, ಸಾವಿರ ಸೇರಿದರೆ ಒಂದು ಮಿಲಿಸೀವರ್ಟ್) ತೋರಿಸುವ ಕಡೆ ಎಳೆಯುತ್ತಾರೆ. ಆ ಗೆರೆಯ ಮೇಲೆ ಹತ್ತು ಗಂಟೆ ನಿಂತರೆ 1 ಮಿಲಿಸೀವರ್ಟ್, ಅಂದರೆ ಸಾರ್ವಜನಿಕರಿಗೆ ವರ್ಷಕ್ಕೆ ಹಾಕಿರುವ ಮಿತಿಯಷ್ಟು. ಗಂಟೆಗೆ 100 ಮಿಲಿಸೀವರ್ಟ್ ಮೀರಿದ ಜಾಗಕ್ಕೆ ಜೀವ ಉಳಿಸಲು ಬಿಟ್ಟರೆ ಇನ್ನಾವುದಕ್ಕೂ ಹೆಜ್ಜೆ ಇಡಬಾರದು. ಸಾಕ್ಷ್ಯ ಸಂಗ್ರಹ ಜೀವ ಉಳಿಸುವ ಕೆಲಸವಲ್ಲ. ಅದಕ್ಕೆ ಅನ್ವಯಿಸುವುದು ಉದ್ಯೋಗದ ಸಾಮಾನ್ಯ ಮಿತಿ, ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್. ಪ್ರಕರಣ ಎಷ್ಟೇ ದೊಡ್ಡದಾಗಿರಲಿ, ಇದನ್ನು ಸಡಿಲಿಸಬಾರದು.

ಗಾಯಾಳುಗಳನ್ನು ಹೊರತರುವುದು ಎಲ್ಲಕ್ಕಿಂತ ಮೊದಲು, ಮಾಲಿನ್ಯ ಇದ್ದರೂ ಸರಿ. ಬಳಿಕ ಬಾಂಬ್ ನಿಷ್ಕ್ರಿಯ ದಳ. ಅವರು ‘ಸರಿ’ ಎಂದ ಮೇಲೆ ವಿಕಿರಣ ಸಮೀಕ್ಷೆ, ಅದಾದ ಮೇಲೆ ಛಾಯಾಚಿತ್ರ, ಕೊನೆಗೆ ಸಂಗ್ರಹ. ಒಳಗೆ ಹೋಗುವ ತಂಡ ಚಿಕ್ಕದು: ಮಾಪಕ ಹಿಡಿದವರೊಬ್ಬರು, ಚಿತ್ರ ತೆಗೆಯುವವರೊಬ್ಬರು, ವಸ್ತು ಮುಟ್ಟುವವರೊಬ್ಬರು, ಚೀಲ ತೆರೆದು ಹಿಡಿಯುವವರೊಬ್ಬರು. ಬರೆಯುವವರು ಗೆರೆಯ ಹೊರಗಿರುತ್ತಾರೆ, ಒಳಗಿನವರು ರೇಡಿಯೊದಲ್ಲಿ ಹೇಳುತ್ತಾರೆ. ಒಳಗೆ ಒಯ್ದ ಕಾಗದವೂ ಮಾಲಿನ್ಯಗೊಂಡು, ಮಹಜರೇ ಚೀಲದೊಳಗಿನ ವಸ್ತುವಾಗಿಬಿಡುವ ಅಪಾಯ ಇದರಿಂದ ತಪ್ಪುತ್ತದೆ. ಕೈಗವಸು ಎರಡು ಜೊತೆ, ಹೊರಗಿನದನ್ನು ಪ್ರತಿ ವಸ್ತುವಿಗೂ ಬದಲಿಸಬೇಕು. ಡಿಎನ್‌ಎ ಬೆರಕೆ ಮತ್ತು ವಿಕಿರಣ ಬೆರಕೆ ಎರಡನ್ನೂ ಆ ಒಂದು ಅಭ್ಯಾಸ ತಡೆಯುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಮಾಪಕದ ಬಳಿ. ಗಾಮಾ ಮಾಪಕದ ತುದಿಗೆ ಪ್ಲಾಸ್ಟಿಕ್ ಸುತ್ತಿದರೆ ಅದು ಮಾಲಿನ್ಯದಿಂದ ಉಳಿಯುತ್ತದೆ. ಆಲ್ಫಾ ಮಾಪಕಕ್ಕೆ ಅದನ್ನೇ ಮಾಡಿದರೆ ಅದು ಕುರುಡಾಗುತ್ತದೆ. ಆಲ್ಫಾ ಹುಡುಕುವಾಗ ತುದಿಯನ್ನು ಮೇಲ್ಮೈಯಿಂದ ಅರ್ಧ ಸೆಂಟಿಮೀಟರ್ ದೂರದಲ್ಲಿ ನಿಧಾನವಾಗಿ ಸರಿಸಬೇಕು. ನೆಲ ಒದ್ದೆಯಾಗಿದ್ದರೆ ನೀರಿನ ತೆಳು ಪದರವೇ ಕಣಗಳನ್ನು ನುಂಗಿಬಿಡುತ್ತದೆ, ಮುಳ್ಳು ಸೊನ್ನೆಯಲ್ಲೇ ನಿಲ್ಲುತ್ತದೆ. ಕೆಲವು ಹಳೆಯ ಗೈಗರ್ ಮಾಪಕಗಳು ಅತಿ ತೀವ್ರ ಗಾಮಾ ಎದುರು ಸ್ತಬ್ಧವಾಗಿ ಕಡಿಮೆ ಓದು ತೋರಿಸುತ್ತವೆ. ಆದ್ದರಿಂದ ಮಾಪಕವನ್ನು ದೂರದಲ್ಲೇ ಚಾಲೂ ಮಾಡಿ, ಸಹಜ ಮಟ್ಟ ಬರೆದುಕೊಂಡು, ಓದು ಏರುವುದನ್ನು ನೋಡುತ್ತಲೇ ಒಳಗೆ ಹೋಗಬೇಕು. ದೂರದ ಲೆಕ್ಕ ಬೆರಳಿಗೂ ಅನ್ವಯಿಸುತ್ತದೆ. ಚಿಕ್ಕ ಆಕರವನ್ನು 1 ಸೆಂಟಿಮೀಟರ್‌ನಿಂದ ಹಿಡಿಯುವ ಬದಲು 30 ಸೆಂಟಿಮೀಟರ್ ಇಕ್ಕಳದಲ್ಲಿ ಹಿಡಿದರೆ ಬೆರಳಿಗೆ ತಗಲುವ ಡೋಸ್ 900 ಪಟ್ಟು ಇಳಿಯುತ್ತದೆ.

ಸಂಗ್ರಹದಲ್ಲೂ ಹೀಗೆಯೇ. ಬೆರಳಚ್ಚಿಗೆ ಪುಡಿ ಹಾಕಿ ಕುಂಚ ಆಡಿಸಿದರೆ ಮಾಲಿನ್ಯ ಗಾಳಿಗೆ ಏಳುತ್ತದೆ. ಅದರ ಬದಲು ವಸ್ತುವನ್ನು ಮುಚ್ಚಿದ ಪೆಟ್ಟಿಗೆಯೊಳಗಿಟ್ಟು ಸೂಪರ್‌ಗ್ಲೂ ಹಬೆಯಿಂದ ಅಚ್ಚು ಎಬ್ಬಿಸುವುದು ಮೇಲು. ಮೇಲ್ಮೈ ಮಾಲಿನ್ಯದ ಮಾದರಿಗೆ 100 ಚದರ ಸೆಂಟಿಮೀಟರ್ ಜಾಗವನ್ನು ಒರೆಸಿ ತೆಗೆಯುವುದು ರೂಢಿ. ಜೊತೆಗೆ ಬಳಸದ ಒರೆಸುಬಟ್ಟೆಯೊಂದನ್ನು ಹೋಲಿಕೆಗಾಗಿ ಇಡಬೇಕು. ಇಲ್ಲದಿದ್ದರೆ ‘ಬಟ್ಟೆಯಲ್ಲೇ ಮಾಲಿನ್ಯ ಇತ್ತು’ ಎಂಬ ವಾದಕ್ಕೆ ಉತ್ತರ ಇರುವುದಿಲ್ಲ. ವಸ್ತು ಹೋಗುವುದು ಪದರ ಪದರದ ಚೀಲಕ್ಕೆ. ಮೊದಲ ಚೀಲವನ್ನು ಒಳಗೇ ಮುಚ್ಚುತ್ತಾರೆ. ಗೆರೆಯ ಬಳಿ ಸ್ವಚ್ಛ ಕೈಯವರು ಹಿಡಿದ ಎರಡನೆಯ ಚೀಲಕ್ಕೆ ಅದನ್ನು ಇಳಿಸಿ, ಹೊರಮೈ ಒರೆಸಿ ಪರೀಕ್ಷಿಸುತ್ತಾರೆ. ಗಾಜಿನ ಚೂರು, ಮೊನಚು ಲೋಹ ಇದ್ದರೆ ಗಟ್ಟಿ ಡಬ್ಬಿಯೇ ಬೇಕು. ಚೀಲ ಹರಿಯಿತೆಂದರೆ ಸಾಗಿಸುವ ವಾಹನವೂ ಘಟನಾ ಸ್ಥಳವಾಗುತ್ತದೆ.

ಇಷ್ಟಾದ ಮೇಲೂ ಕೆಲಸ ಕೆಡುವುದು ಉಗ್ರಾಣದ ಬಾಗಿಲಲ್ಲಿ. ವಿಕಿರಣಶೀಲ ಜಪ್ತಿ ಮಾಲನ್ನು ಠಾಣೆಯ ಬೀರುವಿನಲ್ಲಿ ಇಡುವಂತಿಲ್ಲ. ಮಾಮೂಲಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಪರವಾನಗಿ ಇರುವುದಿಲ್ಲ, ಪರವಾನಗಿ ಇರುವ ಅಣು ಪ್ರಯೋಗಾಲಯಕ್ಕೆ ಬೆರಳಚ್ಚು ತೆಗೆಯುವ ರೂಢಿ ಇರುವುದಿಲ್ಲ. ಎಲ್ಲಿಗೆ ಕಳಿಸಬೇಕು, ಯಾರು ಸಹಿ ಹಾಕಬೇಕು ಎಂಬುದು ಘಟನೆಗೆ ಮುಂಚೆಯೇ ತೀರ್ಮಾನವಾಗಿರಬೇಕು. ಚೀಟಿಯಲ್ಲೂ ಮಾಮೂಲಿಗಿಂತ ಹೆಚ್ಚು ವಿವರ ಬೇಕು: ಚೀಲದ ಮೇಲ್ಮೈಯಲ್ಲಿ ಮತ್ತು 1 ಮೀಟರ್ ದೂರದಲ್ಲಿ ಬಂದ ಓದು, ಮಾಪಕದ ಸಂಖ್ಯೆ, ಅದನ್ನು ಕೊನೆಯ ಬಾರಿ ಪರಿಶೀಲಿಸಿದ ದಿನ, ಅಳೆದ ದಿನಾಂಕ ಮತ್ತು ಹೊತ್ತು. ಪೊಲೋನಿಯಂ-210ರ ಅರ್ಧಾಯುಷ್ಯ 138 ದಿನ, ಅಂದರೆ ಅಷ್ಟು ದಿನಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ವಿಚಾರಣೆಗೆ ಎರಡು ವರ್ಷ ಹಿಡಿದರೆ ಸಿಕ್ಕಾಗ ಇದ್ದದ್ದರ ಸುಮಾರು ನಲವತ್ತರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಆಗ ಮರುಪರೀಕ್ಷೆ ಕೇಳುವ ವಕೀಲರಿಗೆ ಮೊದಲ ದಿನದ ಓದನ್ನು ಲೆಕ್ಕ ಹಾಕಿ ತೋರಿಸಲು ಆ ಚೀಟಿಯ ಮೇಲಿನ ದಿನಾಂಕವೇ ಬೇಕು.