ಹಳೇ ಲಾರಿಗೆ ವಯಸ್ಸು ಬರೆಯುವುದು: ಬಿಸಿಲು, ಹನಿ ಮತ್ತು ತುಕ್ಕಿನ ಲೆಕ್ಕ

ಹಾಸನ ಜಿಲ್ಲೆಯ ಎರಡು ಹಳೇ ಲಾರಿಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಯಾವುದು ಅರಸೀಕೆರೆಯಲ್ಲಿ ಮುದಿಯಾದದ್ದು, ಯಾವುದು ಸಕಲೇಶಪುರದಲ್ಲಿ ಮುದಿಯಾದದ್ದು ಎಂದು ಮೈ ನೋಡಿಯೇ ಹೇಳಬಹುದು. ಸಕಲೇಶಪುರದ ಕಡೆ ವರ್ಷಕ್ಕೆ 2,000 ಮಿಲಿಮೀಟರ್ ದಾಟಿ ಮಳೆ ಬರುತ್ತದೆ. ಅರಸೀಕೆರೆಯಲ್ಲಿ ಅದರ ಅರ್ಧವೂ ಇಲ್ಲ. ಅರಸೀಕೆರೆಯ ಲಾರಿಯ ಬಾನೆಟ್ಟು, ಕ್ಯಾಬಿನ್ ತಲೆ ಬಿಳಿಚಿಕೊಂಡಿರುತ್ತವೆ, ತಗಡು ಮಾತ್ರ ಗಟ್ಟಿ. ಸಕಲೇಶಪುರದ್ದರ ಬಣ್ಣ ಇನ್ನೂ ಇರುತ್ತದೆ, ಆದರೆ ಗಾಜಿನ ರಬ್ಬರಿನ ಕೆಳಗೆ, ಮಡ್‌ಗಾರ್ಡಿನ ಮಡಿಕೆಯಲ್ಲಿ, ಬಾಗಿಲಿನ ತಳದಲ್ಲಿ ತಗಡು ಉದುರುತ್ತಿರುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಹೋಂಸ್ಟೇಗಳ ಗೇಟಿನ ಮುಂದೆ ಈಗ ಹಳೇ ವಿಲ್ಲಿಸ್ ಜೀಪೋ ಟಾಟಾ 1210 ಲಾರಿಯೋ ನಿಲ್ಲಿಸಿ, ಅದಕ್ಕೆ ‘ಹಳೇ ಲುಕ್’ ಕೊಡಿಸುವುದು ಉಂಟು. ಬಹುಪಾಲು ಕಡೆ ಆಗುವುದೇನೆಂದರೆ, ಕಂದು ಬಣ್ಣದಲ್ಲಿ ಅದ್ದಿದ ಸ್ಪಂಜನ್ನು ಮೈತುಂಬ ಒತ್ತಿಬಿಡುತ್ತಾರೆ. ನೋಡಿದವರಿಗೆ ತಪ್ಪು ಎಲ್ಲಿದೆ ಎಂದು ಹೇಳಲು ಬಾರದಿದ್ದರೂ ಸುಳ್ಳು ಎಂಬುದು ಗೊತ್ತಾಗುತ್ತದೆ. ತುಕ್ಕು ಕಂಡಕಂಡಲ್ಲಿ ಕೂರುವುದಿಲ್ಲ. ಅದಕ್ಕೆ ಕಟ್ಟುನಿಟ್ಟಾದ ಭೌತಶಾಸ್ತ್ರವಿದೆ, ಅದನ್ನು ಓದಿಕೊಂಡರೆ ಬ್ರಷ್ಷು ಎಲ್ಲಿ ಇಡಬೇಕೆಂದು ತಾನಾಗಿ ತಿಳಿಯುತ್ತದೆ.

ಮೊದಲು ಬಿಸಿಲು. ಎನಾಮೆಲ್ ಬಣ್ಣದಲ್ಲಿ ಬಣ್ಣದ ಪುಡಿಯೊಂದು, ಅದನ್ನು ಹಿಡಿದಿಡುವ ರಾಳವೊಂದು. ನೇರಳಾತೀತ ಕಿರಣ ರಾಳದ ಸರಪಣಿಗಳನ್ನು ಕತ್ತರಿಸುತ್ತದೆ. ಬಿಳಿ ಬೆರೆಸಿದ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಆ ಕಿರಣವನ್ನು ಹೀರಿ, ಸುತ್ತಲಿನ ರಾಳವನ್ನು ತಾನೂ ಕೊರೆಯುತ್ತದೆ. ಹಿಡಿತ ಕಳೆದುಕೊಂಡ ಪುಡಿ ಮೇಲೆಯೇ ಉಳಿದು, ಸುಣ್ಣ ಬಳಿದ ಗೋಡೆಗೆ ಒರಗಿದಾಗ ಅಂಗಿಗೆ ಹತ್ತುವಂತೆ ಕೈಗೆ ಹತ್ತುತ್ತದೆ. ಆದ್ದರಿಂದ ಮಾಸುವುದು ಆಕಾಶ ನೋಡುವ ಭಾಗಗಳು: ಕ್ಯಾಬಿನ್ ತಲೆ, ಬಾನೆಟ್ಟು, ಮಡ್‌ಗಾರ್ಡಿನ ಬೆನ್ನು. ಒಂದೇ ಕಡೆ ನಿಂತ ಗಾಡಿಯಾದರೆ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಹಾಸನ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಅದರಲ್ಲೂ ಹೆಚ್ಚಿನ ದಿನ ಮೋಡ. ಉಳಿದ ಎಂಟು ತಿಂಗಳು ದಕ್ಷಿಣಕ್ಕಿರುವ ಮಗ್ಗುಲೇ ಬಿಸಿಲು ತಿನ್ನುತ್ತದೆ. ಎರಡೂ ಮಗ್ಗುಲನ್ನು ಒಂದೇ ಸಮ ಮಾಸಿಸಿದರೆ ಗೇಟಿನಲ್ಲಿ ನಿಂತ ಗಾಡಿಯ ಕಥೆ ಹೊಂದುವುದಿಲ್ಲ.

ಇನ್ನು ನೀರು. ‘ನೀರು ಬಿದ್ದ ಕಡೆ ತುಕ್ಕು’ ಎಂಬ ಮಾತು ಅರ್ಧ ಸತ್ಯ. ಶುಚಿ ಮಾಡಿದ ಉಕ್ಕಿನ ತಗಡಿನ ಮೇಲೆ ಚಿಟಿಕೆ ಉಪ್ಪು ಬೆರೆಸಿದ ನೀರಿನ ಒಂದು ದೊಡ್ಡ ಹನಿ ಬಿಟ್ಟು ಒಂದೆರಡು ಗಂಟೆ ಕಾಯಿರಿ. ಕಂದು ಬಣ್ಣ ಹನಿಯ ನಡುವೆ ಬರುವುದಿಲ್ಲ, ತೀರಾ ಅಂಚಿನಲ್ಲೂ ಬರುವುದಿಲ್ಲ. ಎರಡರ ಮಧ್ಯೆ ಒಂದು ಉಂಗುರವಾಗಿ ಮೂಡುತ್ತದೆ. ಕೇಂಬ್ರಿಜ್‌ನ ವಿಜ್ಞಾನಿ ಯುಲಿಕ್ ಇವಾನ್ಸ್ 1920ರ ದಶಕದಲ್ಲಿ ಈ ಹನಿಯನ್ನೇ ಹಿಡಿದು ಕೂತು ತುಕ್ಕು ಹುಟ್ಟುವ ಬಗೆಯನ್ನು ಬಿಡಿಸಿದರು.

ಗುಟ್ಟು ಆಮ್ಲಜನಕದಲ್ಲಿದೆ. 25 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಅದು ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಹನಿಯ ಅಂಚು ತೆಳು, ಅಲ್ಲಿ ಗಾಳಿಯ ಆಮ್ಲಜನಕ ತಗಡನ್ನು ಬೇಗ ಮುಟ್ಟುತ್ತದೆ. ನಡುಭಾಗ ಆಳ, ಅಲ್ಲಿದ್ದದ್ದು ಮುಗಿದ ಮೇಲೆ ಹೊಸದು ಬರುವುದು ತಡ. ಆಗ ತಗಡೇ ಒಂದು ಪುಟ್ಟ ಬ್ಯಾಟರಿಯಾಗುತ್ತದೆ. ನಡುಭಾಗದ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟು ಅಯಾನಾಗಿ, ಅಂದರೆ ವಿದ್ಯುದಾವೇಶವಿರುವ ಕಣವಾಗಿ, ನೀರಿಗಿಳಿಯುತ್ತದೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಓಡಿ ಅಂಚಿಗೆ ಬಂದು, ಅಲ್ಲಿ ಆಮ್ಲಜನಕ ಮತ್ತು ನೀರಿನೊಂದಿಗೆ ಸೇರಿ ಹೈಡ್ರಾಕ್ಸಿಲ್ ಆಗುತ್ತವೆ. ಒಳಗಿನಿಂದ ಹೊರಟ ಕಬ್ಬಿಣದ ಅಯಾನೂ ಹೊರಗಿನಿಂದ ಬಂದ ಹೈಡ್ರಾಕ್ಸಿಲ್ಲೂ ದಾರಿಯಲ್ಲಿ ಸಂಧಿಸಿ ಮೊದಲು ಹಸಿರು ಛಾಯೆಯ ಗಸಿ, ಆಮೇಲೆ ಇನ್ನಷ್ಟು ಆಮ್ಲಜನಕ ಸಿಕ್ಕಿ ಕಂದು ತುಕ್ಕು. ಹನಿಗೆ ಪೊಟಾಸಿಯಂ ಫೆರಿಸಯನೈಡ್ ಮತ್ತು ಫಿನಾಲ್ಫ್ಥಲೀನ್ ಬೆರೆಸಿದರೆ ಕಬ್ಬಿಣದ ಅಯಾನಿರುವ ನಡುವೆ ನೀಲಿ, ಹೈಡ್ರಾಕ್ಸಿಲ್ ಇರುವ ಅಂಚಿನಲ್ಲಿ ಗುಲಾಬಿ ಕಾಣಿಸಿ ಇದೆಲ್ಲ ಕಣ್ಣಿಗೇ ಸಿಗುತ್ತದೆ. ಪಿಯುಸಿ ಪ್ರಯೋಗಾಲಯದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ನೋಡಲೇಬೇಕಾದ ಪ್ರಯೋಗ ಇದು.

ಅಂದರೆ ಲೋಹ ಸವೆಯುವ ಜಾಗ ಬೇರೆ, ತುಕ್ಕು ಕಾಣುವ ಜಾಗ ಬೇರೆ. ಇಷ್ಟು ಹಿಡಿದುಕೊಂಡರೆ ಲಾರಿಯ ಮೈಯ ನಕ್ಷೆ ಸಿಕ್ಕಂತೆ. ಎರಡು ತಗಡು ಸೇರುವ ಮಡಿಕೆ, ಬೋಲ್ಟಿನ ವಾಷರ್ ಅಡಿ, ಒಣಗದೆ ಉಳಿದ ಕೆಸರಿನ ತಳ, ಇವೆಲ್ಲ ಆಮ್ಲಜನಕ ಸಾಲದ ಜಾಗಗಳು. ಸವೆತ ಒಳಗೆ ನಡೆಯುತ್ತದೆ, ಕಂದು ನೀರು ಹೊರಗೆ ಸೋರುತ್ತದೆ. ಹಾಗಾಗಿ ಕಲೆಯ ಗೆರೆ ಯಾವಾಗಲೂ ಒಂದು ಬೋಲ್ಟು, ತೂತು ಅಥವಾ ಜೋಡಣೆಯಿಂದಲೇ ಹೊರಡಬೇಕು; ಬುಡದಲ್ಲಿ ಗಾಢ ಕಂದು, ಇಳಿದಂತೆಲ್ಲ ತೆಳು, ಕೊನೆಗೆ ಹಳದಿ ಛಾಯೆ. ಬಾಗಿಲಿನ ಬಯಲು ನಡುವೆ ಬುಡವಿಲ್ಲದ ಗೆರೆ ಎಳೆದರೆ ಅಲ್ಲಿಗೆ ಕೆಲಸ ಕೆಟ್ಟಿತು.

ಕೆಲಸದ ಕ್ರಮ ಹೀಗೆ. ಗ್ರೀಸು, ಎಣ್ಣೆಯನ್ನು ಥಿನ್ನರ್ ಬಟ್ಟೆಯಲ್ಲಿ ಪೂರ್ತಿ ಒರೆಸಿ, ನಿಜವಾದ ತುಕ್ಕು ತೋರಿಸಬೇಕಾದ ಜಾಗವನ್ನಷ್ಟೇ ಬರೀ ತಗಡಿಗೆ ಇಳಿಸಿ. ಉಳಿದ ಕಡೆ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಗಾಡಿಯ ‘ಹಿಂದಿನ’ ಬಣ್ಣ, ಅದರ ಮೇಲೆ ‘ಈಗಿನ’ ಬಣ್ಣ. ಪೂರ್ತಿ ಒಣಗಿದ ಮೇಲೆ 400 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ತಿಕ್ಕಿ ಪದರಗಳನ್ನು ಬಿಡಿಸಿ, 800ರಲ್ಲಿ ಮುಗಿಸಿ. ಡ್ರೈವರ್ ಮೊಣಕೈ ಊರುವ ಕಿಟಕಿ ಅಂಚು, ಹಿಡಿಕೆಯ ಸುತ್ತ, ಕಾಲಿಡುವ ಮೆಟ್ಟಿಲು, ಡಾಲಾ (ಸರಕು ತುಂಬುವ ಹಿಂಭಾಗ) ಬಾಗಿಲಿನ ಮೇಲಂಚು ಇಷ್ಟು ಸಾಕು. ಉಜ್ಜಿ ಸವೆದ ಕಡೆ ಪದರ ಮೆಲ್ಲಗೆ ಕರಗಬೇಕು; ಕಲ್ಲು ತಾಗಿ ಎದ್ದ ಕಡೆ ಅಂಚು ಚೂಪಾಗಿರಬೇಕು. ಚೂಪು ಅಂಚು ಬೇಕಾದಲ್ಲಿ ಮೇಲಿನ ಬಣ್ಣಕ್ಕೆ ಮುಂಚೆ ನೀರು ಚಿಮುಕಿಸಿ ಕಲ್ಲುಪ್ಪು ಉದುರಿಸಿ, ಒಣಗಿದ ಮೇಲೆ ಬಣ್ಣ ಹೊಡೆದು, ಆಮೇಲೆ ಉಪ್ಪನ್ನು ಉಜ್ಜಿ ತೆಗೆಯಿರಿ. ಉಪ್ಪನ್ನು ಎರಡು ಸಲ ಒಳ್ಳೆ ನೀರಿನಲ್ಲಿ ತೊಳೆಯಲೇಬೇಕು. ಅಡಿಯಲ್ಲಿ ಉಳಿದ ಕ್ಲೋರೈಡು ಮೇಲಿನ ಪದರದ ಮೂಲಕ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಬಿಸಿಲು ತಿಂದ ಭಾಗಗಳಿಗೆ ಅದೇ ಬಣ್ಣದ ಎಂಟು ಪಾಲಿಗೆ ಒಂದು ಪಾಲು ಬಿಳಿ ಬೆರೆಸಿ, ತೆಳುವಾಗಿಸಿ, ಮೇಲಿನಿಂದ ಮಾತ್ರ ಮಂಜಿನಂತೆ ಹೊಡೆಯಿರಿ.

ಈ ರೆಡ್ ಆಕ್ಸೈಡಿನ ಕೆಂಪು ಯಾವುದು? ಅದೂ ಕಬ್ಬಿಣದ ಆಕ್ಸೈಡೇ. ತುಕ್ಕಿನಿಂದ ನೀರನ್ನು ಕಾಯಿಸಿ ಓಡಿಸಿದರೆ ಸಿಗುವ ಹೆಮಟೈಟ್. ಕೆಮ್ಮಣ್ಣುಗುಂಡಿಯ ಗುಡ್ಡದಿಂದ ಅಗೆದ ಅದಿರು 1923ರಲ್ಲಿ ಶುರುವಾದ ಭದ್ರಾವತಿ ಕಾರ್ಖಾನೆಗೆ ಇಳಿಯುತ್ತಿತ್ತು. ಅಲ್ಲಿ ಮಲೆನಾಡಿನ ಕಟ್ಟಿಗೆಯ ಇದ್ದಿಲು ಉರಿಸಿ ಅದರಿಂದ ಆಮ್ಲಜನಕವನ್ನು ಕಿತ್ತು ಕಬ್ಬಿಣ ತೆಗೆಯುತ್ತಿದ್ದರು. ಕುಲುಮೆಯಲ್ಲಿ ಕಿತ್ತ ಆಮ್ಲಜನಕವನ್ನು ಕಬ್ಬಿಣ ಮರಳಿ ಕೂಡಿಕೊಳ್ಳುವುದೇ ತುಕ್ಕು. ಹೀಗಿರುವಾಗ ‘ತುಕ್ಕು ಹಿಡಿದ ಕಬ್ಬಿಣ ಮನೆ ಮುಂದಿದ್ದರೆ ಶನಿ ಕಾಟ’ ಎಂಬ ಹೆದರಿಕೆಗೆ ಆಧಾರವೇ ಇಲ್ಲ. ಗೇಟಿನ ಮುಂದಿನ ಗಾಡಿಯಿಂದ ಆಗಬಹುದಾದ ಹಾನಿ ಒಂದೇ, ಚೂಪು ತಗಡು ಮಕ್ಕಳ ಕೈ ಕೊಯ್ಯುವುದು. ಅದಕ್ಕೆ ಶಾಂತಿ ಬೇಡ, ಅರ ಸಾಕು.

ಬರೀ ತಗಡಿಗೆ ತುಕ್ಕು ತರಿಸುವ ದ್ರಾವಣ: ಔಷಧಿ ಅಂಗಡಿಯ 20 ವಾಲ್ಯೂಮ್ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು 6 ಶೇಕಡಾ ಇರುತ್ತದೆ. ಅದು 250 ಮಿಲಿಲೀಟರ್, ನೀರು 250 ಮಿಲಿಲೀಟರ್, ಬಿಳಿ ವಿನೆಗರ್ 60 ಮಿಲಿಲೀಟರ್, ಉಪ್ಪು 8ರಿಂದ 10 ಗ್ರಾಂ. ಮೊದಲು ಬರೀ ವಿನೆಗರ್ ಸಿಂಪಡಿಸಿ ಒಣಗಲು ಬಿಡಿ, ತಗಡಿನ ಮೇಲಿನ ತೆಳು ಆಕ್ಸೈಡ್ ಪೊರೆ ಸಡಿಲವಾಗುತ್ತದೆ. ಆಮೇಲೆ ದ್ರಾವಣ. ಪೆರಾಕ್ಸೈಡು ಆಮ್ಲಜನಕ ಒದಗಿಸುತ್ತದೆ, ಉಪ್ಪು ನೀರನ್ನು ವಿದ್ಯುತ್ ಹರಿಯುವಂತೆ ಮಾಡುತ್ತದೆ. ಬಿಸಿಲಲ್ಲಿ ಕೆಲವೇ ನಿಮಿಷದಲ್ಲಿ ಕಿತ್ತಳೆ ಬಣ್ಣ ಏಳುತ್ತದೆ. ಹರಿಯುವಷ್ಟು ಹಾಕಬೇಡಿ, ಮಂಜಿನಂತೆ ಹೊಡೆದು ಒಣಗಿಸಿ, ಮತ್ತೆ ಹೊಡೆಯಿರಿ, ಮೂರರಿಂದ ಐದು ಸಲ. ಗ್ಲೌಸು, ಕನ್ನಡಕ ಬೇಕೇ ಬೇಕು, ಕೆಲಸ ಬಯಲಿನಲ್ಲೇ ಆಗಬೇಕು. ಉಳಿದದ್ದನ್ನು ಬಾಟಲಿಗೆ ತುಂಬಿ ಬಿರಡೆ ಹಾಕಬೇಡಿ, ಅನಿಲ ತುಂಬಿ ಸಿಡಿಯುತ್ತದೆ. ಬ್ಲೀಚಿಂಗ್ ಪುಡಿಯ ಹತ್ತಿರವೂ ತರಬೇಡಿ. ಅಲ್ಯೂಮಿನಿಯಂ, ಜಿಂಕ್ ಲೇಪಿಸಿದ ತಗಡಿನ ಮೇಲೆ ಇದರಿಂದ ಕೆಂಪು ಬಾರದು.

ಹೊಸ ತುಕ್ಕು ಯಾವಾಗಲೂ ಅತಿ ಕಿತ್ತಳೆ. ಅದನ್ನು ಹಳೆಯದಾಗಿಸಲು ಮಲೆನಾಡಿನಲ್ಲೇ ಮದ್ದಿದೆ: ಅಡಿಕೆ ಬೇಯಿಸಿದ ಚೊಗರು. ಅದರ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಪ್ಪಾಗುತ್ತದೆ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿ ಮಸಿ ಮಾಡುತ್ತಿದ್ದ ಹಿಂದಿನವರ ರಸಾಯನವೂ ಇದೇ, ಇಂದು ಡಬ್ಬಿಯಲ್ಲಿ ಬರುವ ಎಷ್ಟೋ ರಸ್ಟ್ ಕನ್ವರ್ಟರುಗಳ ತಿರುಳೂ ಇದೇ. ತೆಳು ಚೊಗರನ್ನು ಸಣ್ಣ ಬ್ರಷ್ಷಿನಲ್ಲಿ ಮಡಿಕೆಯ ಬುಡಕ್ಕೆ, ಬೋಲ್ಟಿನ ಸುತ್ತ ಮಾತ್ರ ಮುಟ್ಟಿಸಿ. ಇಡೀ ಕಲೆಗೆ ಬಳಿದರೆ ಮಸಿ ಚೆಲ್ಲಿದಂತಾಗಿ ಹಾಳು.

ಇನ್ನು ತುಕ್ಕನ್ನು ನಿಲ್ಲಿಸುವುದು, ಹೆಚ್ಚಿನವರು ಸೋಲುವುದು ಇಲ್ಲೇ. ತುಕ್ಕಿನ ಮೇಲೆ ನೇರವಾಗಿ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆದರೆ ಒಳಗಿನ ಉಪ್ಪು, ತೇವ ಎರಡೂ ಬಂದಿ, ತುಕ್ಕು ಅಡಿಯಲ್ಲೇ ಮುಂದುವರಿಯುತ್ತದೆ. ಮೊದಲು ನೀರಿನಲ್ಲಿ ತೊಳೆದು, ಲೀಟರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಮತ್ತೆ ಶುದ್ಧ ನೀರು. ಪೂರ್ತಿ ಒಣಗಿದ ಮೇಲೆ ಸಡಿಲ ಪುಡಿಯನ್ನು ಸ್ಕಾಚ್ ಬ್ರೈಟಿನಲ್ಲಿ ಒರೆಸಿ, ಹಾರ್ಡ್‌ನರ್ (ಲೇಪವನ್ನು ಗಟ್ಟಿಯಾಗಿಸುವ ದ್ರವ) ಬೆರೆಸುವ, ಹೊಳಪಿಲ್ಲದ ಮ್ಯಾಟ್ ಕ್ಲಿಯರ್ ಎರಡು ಕೋಟು. ಆ ಹಾರ್ಡ್‌ನರಿನ ಐಸೋಸಯನೇಟ್ ಶ್ವಾಸಕೋಶಕ್ಕೆ ಅಪಾಯ, ಬಟ್ಟೆ ಮಾಸ್ಕು ಅದನ್ನು ತಡೆಯುವುದಿಲ್ಲ. ಕ್ಲಿಯರ್ ಬಿದ್ದೊಡನೆ ತುಕ್ಕು ಒಂದೆರಡು ಛಾಯೆ ಕಪ್ಪಾಗುತ್ತದೆ, ಆದ್ದರಿಂದ ಮೊದಲು ಬೇರೆ ತಗಡಿನ ತುಂಡಿನಲ್ಲಿ ಹೊಡೆದು ನೋಡಿ. ತಗಡಿನ ಬಿಸಿ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಚಿಕ್ಕಮಗಳೂರಿನ ಕಡೆ ಇದಕ್ಕೆ ಫೆಬ್ರವರಿ, ಮಾರ್ಚ್ ಸರಿ, ಅದೂ ಬೆಳಗಿನ ಇಬ್ಬನಿ ಆರಿದ ಮೇಲೆ. ಜೂನಿನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಸ್ಪ್ರೇ ಗನ್ ಮುಟ್ಟಬೇಡಿ. ಕ್ಲಿಯರ್ ಬದಲು ಅಗಸೆ ಎಣ್ಣೆ ಬಳಿಯುವವರು ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ಒಣಗುವಾಗ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ.

ಛಾಸಿ, ಸ್ಪ್ರಿಂಗ್ ಪಟ್ಟಿ, ಬ್ರೇಕ್ ಪೈಪು, ಸ್ಟೀರಿಂಗ್ ಭಾಗ, ವೀಲ್ ನಟ್ಟುಗಳಿಗೆ ಈ ದ್ರಾವಣ ತಾಕಲೇಬಾರದು. ಗಾಡಿ ರಸ್ತೆಗಿಳಿಯುವುದಾದರೆ ನಂಬರ್ ಪ್ಲೇಟು, ರಿಫ್ಲೆಕ್ಟರ್ ಟೇಪು ಮುಚ್ಚಿ ಕೆಲಸ ಮಾಡಿ. ಮೈಬಣ್ಣ ಆರ್‌ಸಿಯಲ್ಲಿರುವುದಕ್ಕಿಂತ ಬೇರೆಯಾದರೆ ಆರ್‌ಟಿಓ ಕಚೇರಿಯಲ್ಲಿ ನಮೂದಿಸಬೇಕು.

ಬಾಗಿಲಿನ ತಳದಲ್ಲಿ ನೀರಿಳಿಯಲು ಸಣ್ಣ ತೂತುಗಳಿವೆ. ಬಣ್ಣದ ಕೆಲಸದಲ್ಲಿ ಮುಚ್ಚಿಹೋಗುವುದು ಅವೇ. ಅವು ಮುಚ್ಚಿದರೆ ಹೊರಗಿನ ಸುಳ್ಳು ತುಕ್ಕಿನ ಹಿಂದೆ ನಿಜವಾದದ್ದು ಒಂದೇ ಮಳೆಗಾಲದಲ್ಲಿ ತಗಡು ತಿನ್ನುತ್ತದೆ. ಮೇ ಮುಗಿಯುವುದರೊಳಗೆ ತಂತಿ ತೂರಿಸಿ ಬಿಡಿಸಿ, ಒಳಗೆ ವ್ಯಾಕ್ಸ್ ಸ್ಪ್ರೇ ಹೊಡೆಯಿರಿ.