ಗುದ್ದಿದ ಮೇಲೂ ಮುಗಿಯದ ಆಟ

ಕಾರು ಸೇತುವೆಯ ಕಂಬಕ್ಕೆ ಗುದ್ದಿತು. ಬಾನೆಟ್ ಮಡಚಿಕೊಂಡಿತು, ಗಾಜು ಪುಡಿಪುಡಿಯಾಗಿ ಹಾರಿತು. ಬೇರೆ ಯಾವ ರೇಸಿಂಗ್ ಆಟವಾದರೂ ಇಲ್ಲಿಗೆ ನಿಟ್ಟುಸಿರು ಬಿಟ್ಟು ಕಂಟ್ರೋಲರ್ ಕೆಳಗಿಡುವ ಹೊತ್ತು. ಆದರೆ 2004ರ 'ಬರ್ನ್‌ಔಟ್ 3: ಟೇಕ್‌ಡೌನ್'ನಲ್ಲಿ ಗುಂಡಿಯೊಂದನ್ನು ಒತ್ತಿ ಹಿಡಿದರೆ ಕಾಲವೇ ನಿಧಾನವಾಗುತ್ತದೆ. ನಜ್ಜುಗುಜ್ಜಾದ ಕಾರು ಗಾಳಿಯಲ್ಲಿ ಗಿರಕಿ ಹೊಡೆಯುತ್ತಿರುವಾಗಲೇ ಅದನ್ನು ಎಡಕ್ಕೋ ಬಲಕ್ಕೋ ವಾಲಿಸಬಹುದು. ಹಿಂದಿನಿಂದ ನುಗ್ಗಿ ಬರುತ್ತಿರುವ ಎದುರಾಳಿಯ ದಾರಿಗೆ ಆ ಕಬ್ಬಿಣದ ಮುದ್ದೆ ಅಡ್ಡ ಬಿದ್ದು ಅವನೂ ಪಲ್ಟಿಯಾದರೆ, ಕಳೆದುಹೋಗಬೇಕಿದ್ದ ಬೂಸ್ಟ್, ಅಂದರೆ ವೇಗ ಹೆಚ್ಚಿಸುವ ಶಕ್ತಿ, ಕೈಯಲ್ಲೇ ಉಳಿಯುತ್ತದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಮಾತನ್ನು ಇಷ್ಟು ಅಕ್ಷರಶಃ ನಡೆಸಿಕೊಟ್ಟ ಆಟವನ್ನು ನಾನು ಇನ್ನೊಂದು ಕಂಡಿಲ್ಲ.

'ಆಫ್ಟರ್‌ಟಚ್' ಎಂದು ಕರೆಯುವ ಈ ಸಣ್ಣ ಸೌಲಭ್ಯದಲ್ಲೇ ಬರ್ನ್‌ಔಟ್ ಸರಣಿಯ ಸೆಳೆತ ಅಡಗಿದೆ ಎಂಬುದು ನನ್ನ ಎಣಿಕೆ. ವಿನಾಶ ನೋಡುವ ಚಪಲವೇ ಇದಕ್ಕೆಲ್ಲ ಕಾರಣ ಎಂದು ಹೇಳಿಬಿಡುವುದು ಸುಲಭ. ಆ ಚಪಲ ಹಳೆಯದೇ. 1896ರ ಸೆಪ್ಟೆಂಬರ್ 15ರಂದು ಅಮೆರಿಕದ ಟೆಕ್ಸಾಸ್‌ನಲ್ಲಿ ರೈಲ್ವೆ ಕಂಪನಿಯೊಂದು ಎರಡು ರೈಲುಗಳನ್ನು ಬೇಕೆಂದೇ ಮುಖಾಮುಖಿ ಡಿಕ್ಕಿ ಹೊಡೆಸಿತು. ಒಂದರ ಎಂಜಿನ್‌ಗೆ ಹಸಿರು ಬಣ್ಣ, ಇನ್ನೊಂದಕ್ಕೆ ಕೆಂಪು. ಚಾಲಕರು ಡಿಕ್ಕಿಗೆ ಮೊದಲೇ ಹೊರಗೆ ಜಿಗಿದರು. ನೋಡಲು ಸುಮಾರು 40,000 ಜನ ಸೇರಿದ್ದರು. ಬಾಯ್ಲರ್‌ಗಳು ಸಿಡಿದು ಚೂರುಗಳು ಜನರ ಮೇಲೆ ಬಂದೆರಗಿ ಕನಿಷ್ಠ ಇಬ್ಬರು ಸತ್ತರು. ಇಷ್ಟಾದರೂ ರೈಲು ಡಿಕ್ಕಿಯ ಪ್ರದರ್ಶನಗಳು ನಿಲ್ಲಲಿಲ್ಲ. ಜೋಸೆಫ್ ಕಾನಲಿ ಎಂಬಾತ ಮುಂದಿನ ದಶಕಗಳಲ್ಲಿ ಇಂಥ 70ಕ್ಕೂ ಹೆಚ್ಚು ಪ್ರದರ್ಶನ ಏರ್ಪಡಿಸಿದ. ಹಳೆಯ ಕಾರುಗಳನ್ನು ಒಂದಕ್ಕೊಂದು ಗುದ್ದಿಸುವ ಡೆಮಾಲಿಷನ್ ಡರ್ಬಿ ಇದರ ಮುಂದಿನ ತಲೆಮಾರು.

ಆದರೆ ನೋಡುವವನ ಸುಖ ಬೇರೆ, ಆಡುವವನ ಸುಖ ಬೇರೆ. ವಿಡಿಯೊ ಗೇಮ್‌ಗಳಿಗೆ ಈ ವ್ಯತ್ಯಾಸ ಅರ್ಥವಾಗಲು ಬಹಳ ಕಾಲ ಹಿಡಿಯಿತು. 1982ರ 'ಪೋಲ್ ಪೊಸಿಷನ್'ನಲ್ಲಿ ಬೇರೆ ಕಾರು ತಗುಲಿದರೆ ನಿಮ್ಮದು ಸ್ಫೋಟ. 1986ರ 'ಔಟ್ ರನ್'ನಲ್ಲಿ ಕೆಂಪು ಕಾರು ಪಲ್ಟಿ ಹೊಡೆದು ಒಳಗಿದ್ದ ಜೋಡಿ ರಸ್ತೆಗೆ ಉರುಳುತ್ತಿತ್ತು. ನೋಡಲು ತಮಾಷೆಯೇ, ಆದರೆ ಮೇಲ್ಗಡೆ ಗಡಿಯಾರ ಓಡುತ್ತಲೇ ಇರುತ್ತಿತ್ತು. ಒಂದು ಅಪಘಾತವೆಂದರೆ ಕೆಲವು ಸೆಕೆಂಡುಗಳ ದಂಡ. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಿಗೆ ಸಮಯವೆಂದರೆ ನಾಣ್ಯ, ಆದ್ದರಿಂದ ದಂಡ ಕಟ್ಟುತ್ತಿದ್ದುದು ಆಟಗಾರನ ಜೇಬು.

ಇನ್ನೊಂದು ದಾರಿ ಹಿಡಿದವರೂ ಇದ್ದರು. 1976ರಲ್ಲಿ ಎಕ್ಸಿಡಿ ಕಂಪನಿಯ 'ಡೆತ್ ರೇಸ್' ಬಂತು. ಓಡಾಡುವ ಗೆರೆಚಿತ್ರದ ಆಕೃತಿಗಳ ಮೇಲೆ ಕಾರು ಹತ್ತಿಸಿದರೆ ಅಲ್ಲೊಂದು ಶಿಲುಬೆ ಮೂಡುತ್ತಿತ್ತು. ಅವು ಮನುಷ್ಯರಲ್ಲ, ಗ್ರೆಮ್ಲಿನ್ ಎಂಬ ಪಿಶಾಚಿಗಳು ಎಂದು ತಯಾರಕರು ಹೇಳಿದ್ದನ್ನು ಯಾರೂ ನಂಬಲಿಲ್ಲ. ಅಮೆರಿಕದಲ್ಲಿ ದೊಡ್ಡ ಗದ್ದಲವೆದ್ದಿತು, ಗದ್ದಲದಿಂದ ಆಟಕ್ಕೆ ಬೇಡಿಕೆಯೂ ಏರಿತು. 1997ರ 'ಕಾರ್ಮಗೆಡನ್' ಪಾದಚಾರಿಗಳನ್ನು ಕೊಲ್ಲುವುದಕ್ಕೆ ಬಹುಮಾನ ಕೊಟ್ಟಿತು. ಬ್ರಿಟನ್ನಿನ ಸೆನ್ಸಾರ್ ಒಪ್ಪದೆ, ಮೊದಲು ಹಸಿರು ರಕ್ತದ ಜೋಂಬಿಗಳನ್ನು ಹಾಕಿ ಬಿಡುಗಡೆ ಮಾಡಬೇಕಾಯಿತು. ಇಂಥ ಆಟಗಳ ಮಜಾ ಹಗರಣದ ಮಜಾ. ಹಗರಣ ತಣ್ಣಗಾದ ಮೇಲೆ ಕೈಗೆ ಉಳಿಯುವುದು ಕಡಿಮೆ.

ಇವೆರಡರ ನಡುವೆ 1995ರ 'ಡಿಸ್ಟ್ರಕ್ಷನ್ ಡರ್ಬಿ'ಯನ್ನು ಮಾತ್ರ ಗೌರವದಿಂದ ನೆನೆಯಬೇಕು. ಎದುರಾಳಿಯ ಕಾರನ್ನು ಎಷ್ಟು ತಿರುಗಿಸಿದಿರಿ ಎಂಬುದರ ಮೇಲೆ ಅದು ಅಂಕ ಕೊಡುತ್ತಿತ್ತು. ಅಂದರೆ ಗುದ್ದುವುದಕ್ಕೂ ಒಂದು ಕೌಶಲ ಬೇಕು, ಕೋನ ಬೇಕು ಎಂದು ಒಪ್ಪಿಕೊಂಡ ಆಟ ಅದು.

ಆ ಹೊತ್ತಿಗೆ ರೇಸಿಂಗ್ ಆಟಗಳ ಮುಖ್ಯಧಾರೆ ಬೇರೆ ಕಡೆ ಹರಿಯುತ್ತಿತ್ತು. 1997ರ 'ಗ್ರ್ಯಾನ್ ಟುರಿಸ್ಮೊ' ನಿಜವಾದ ಕಂಪನಿಗಳ ನಿಜವಾದ ಕಾರುಗಳನ್ನು ಮನೆಗೆ ತಂದಿತು. ಆದರೆ ಗೋಡೆಗೆ ಎಷ್ಟೇ ಜೋರಾಗಿ ಗುದ್ದಿದರೂ ಬಣ್ಣ ಸಹ ಕೆರೆದುಹೋಗುತ್ತಿರಲಿಲ್ಲ. ಆ ಸರಣಿಯ ಕಾರುಗಳಿಗೆ ಕಣ್ಣಿಗೆ ಕಾಣುವಂತೆ ಪೆಟ್ಟಾಗಲು 2010ರ ಐದನೆಯ ಆವೃತ್ತಿಯವರೆಗೆ ಕಾಯಬೇಕಾಯಿತು. ತನ್ನ ಹೆಸರಿನ ವಾಹನ ಅಪ್ಪಚ್ಚಿಯಾಗುವುದನ್ನು ಲಕ್ಷಾಂತರ ಜನ ನಗುತ್ತ ನೋಡಲಿ ಎಂದು ಯಾವ ಕಾರು ಕಂಪನಿ ತಾನೇ ಬಯಸೀತು?

ಇಂಗ್ಲೆಂಡಿನ ಗಿಲ್‌ಫರ್ಡ್‌ನಲ್ಲಿದ್ದ ಕ್ರೈಟೀರಿಯನ್ ಗೇಮ್ಸ್ ಈ ತೊಡಕನ್ನು ಒಂದೇ ಏಟಿಗೆ ಬಗೆಹರಿಸಿತು. ಯಾರ ಅನುಮತಿಯೂ ಬೇಡ, ಕಾರುಗಳನ್ನು ನಾವೇ ಕಲ್ಪಿಸಿಕೊಳ್ಳುತ್ತೇವೆ ಎಂದಿತು. 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಮೊದಲ 'ಬರ್ನ್‌ಔಟ್' ಸಂಸ್ಥೆಯದೇ ಆದ ರೆಂಡರ್‌ವೇರ್ ತಂತ್ರಾಂಶದ ಮೇಲೆ ನಿಂತಿತ್ತು. ಅದೇ ವರ್ಷದ 'ಗ್ರ್ಯಾಂಡ್ ಥೆಫ್ಟ್ ಆಟೊ 3' ಕೂಡ ಅದೇ ತಂತ್ರಾಂಶದಲ್ಲಿ ತಯಾರಾದದ್ದು. ಬರ್ನ್‌ಔಟ್‌ನ ನಿಯಮ ಸರಳ, ಆದರೆ ಕುತಂತ್ರದ್ದು. ವೇಗ ಹೆಚ್ಚಿಸುವ ಬೂಸ್ಟ್ ಬೇಕೇ? ಎದುರು ದಿಕ್ಕಿನ ಸಾಲಿಗೆ ನುಗ್ಗಿ, ಬರುವ ವಾಹನಗಳಿಂದ ಕೂದಲೆಳೆ ಅಂತರದಲ್ಲಿ ತಪ್ಪಿಸಿಕೊಳ್ಳಿ. ಹುಷಾರಾಗಿ ಓಡಿಸಿದವನಿಗೆ ಏನೂ ಸಿಗದು. ಆಟವೇ ನಿಮ್ಮನ್ನು ಅಪಘಾತದ ಅಂಚಿಗೆ ದೂಡುತ್ತಿತ್ತು, ಆಮೇಲೆ ಅಪಘಾತವಾದದ್ದಕ್ಕೆ ಬೂಸ್ಟನ್ನೂ ಕಿತ್ತುಕೊಳ್ಳುತ್ತಿತ್ತು. ಅಪಘಾತ ಆಗಲೂ ಶಿಕ್ಷೆಯೇ. ಬೇರೆ ಬೇರೆ ಕೋನಗಳಿಂದ ತೋರಿಸುತ್ತಿದ್ದುದರಿಂದ ಸುಂದರವಾದ ಶಿಕ್ಷೆ, ಅಷ್ಟೆ.

ತಿರುವು ಬಂದದ್ದು 2002ರ ಎರಡನೆಯ ಆವೃತ್ತಿಯ ಕ್ರ್ಯಾಶ್ ಮೋಡ್‌ನಲ್ಲಿ. ಇಲ್ಲಿ ರೇಸೇ ಇಲ್ಲ. ಸ್ವಲ್ಪ ದೂರದ ರಸ್ತೆ, ಅದರ ತುದಿಗೆ ವಾಹನಗಳು ತುಂಬಿದ ಒಂದು ಜಂಕ್ಷನ್. ಹೋಗಿ ಗುದ್ದಬೇಕು. ಹಾನಿಯ ಮೊತ್ತ ಡಾಲರ್ ಲೆಕ್ಕದಲ್ಲಿ ಏರುತ್ತ ಹೋಗುತ್ತದೆ.

ಹೊಸಬರು ಮಾಡುವ ತಪ್ಪು ಒಂದೇ: ಕಣ್ಣಿಗೆ ಕಂಡ ಅತಿ ದೊಡ್ಡ ಲಾರಿಗೆ ನೇರವಾಗಿ ನುಗ್ಗುವುದು. ದೊಡ್ಡ ಸದ್ದು, ಸಣ್ಣ ಮೊತ್ತ. ಹತ್ತು ಸಲ ಸೋತ ಮೇಲೆ ಕಣ್ಣು ತೆರೆಯುತ್ತದೆ. ಬಲಗಡೆಯಿಂದ ಬರುವ ಬಸ್ಸಿನ ಹಿಂಬದಿಗೆ ಓರೆಯಾಗಿ ತಾಕಿದರೆ ಅದು ಸುತ್ತಿಕೊಂಡು ರಸ್ತೆಗೆ ಅಡ್ಡಲಾಗಿ ನಿಲ್ಲುತ್ತದೆ. ಆಮೇಲೆ ನೀವು ಮಾಡಬೇಕಾದದ್ದು ಏನೂ ಇಲ್ಲ. ಒಂದು ಕಾರು ಬಸ್ಸಿಗೆ ಗುದ್ದುತ್ತದೆ, ಬ್ರೇಕ್ ಹಾಕಿದ ಇನ್ನೊಂದು ಜಾರಿ ಪಕ್ಕದ ಸಾಲಿಗೆ ಹೋಗುತ್ತದೆ, ಅಲ್ಲಿ ಟ್ಯಾಂಕರ್ ಬರುತ್ತಿರುತ್ತದೆ. ಇದು ಕೇರಂ ಆಡುವವನ ಯೋಚನೆ: ಸ್ಟ್ರೈಕರ್ ಎಲ್ಲಿಗೆ ಹೋಗುತ್ತದೆ ಎಂಬುದಕ್ಕಿಂತ ಕಾಯಿ ಎಲ್ಲಿಗೆ ಹೋಗುತ್ತದೆ ಎಂಬುದು ಮುಖ್ಯ. ರೇಸಿಂಗ್ ಆಟವೊಂದರ ಒಳಗೆ ಅಡಗಿ ಕೂತಿದ್ದ ಒಗಟು ಅದು. ಪಕ್ಕದಲ್ಲಿ ಕೂತವರು 'ಕೊಡು ಇಲ್ಲಿ, ನಾನೊಂದು ಸಲ' ಎಂದು ಕಂಟ್ರೋಲರ್ ಕಿತ್ತುಕೊಳ್ಳದೆ ಇರುತ್ತಿರಲಿಲ್ಲ.

2004ರ ಮೂರನೆಯ ಆವೃತ್ತಿ ಈ ಎಚ್ಚರವನ್ನು ರೇಸಿಗೂ ತಂದಿತು. ಆ ವರ್ಷವೇ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ಕ್ರೈಟೀರಿಯನ್ನನ್ನು ಕೊಂಡುಕೊಂಡಿತ್ತು. ಮೊದಲೆರಡು ಆವೃತ್ತಿಗಳನ್ನು ಪ್ರಕಟಿಸಿದ್ದ ಅಕ್ಲೇಮ್ ಅದೇ ವರ್ಷ ದಿವಾಳಿಯೆದ್ದಿತು. ಎದುರಾಳಿಯನ್ನು ಗೋಡೆಗೆ ಒತ್ತಿ ಉರುಳಿಸಿದರೆ ಅದು 'ಟೇಕ್‌ಡೌನ್'. ಬೂಸ್ಟ್ ಪಟ್ಟಿ ತುಂಬುವುದಲ್ಲದೆ ಉದ್ದವೂ ಆಗುತ್ತದೆ, ನಾಲ್ಕು ಪಟ್ಟಿನವರೆಗೆ. ಕ್ಯಾಮೆರಾ ತಿರುಗಿ ಅವನ ಕಾರು ಚೂರಾಗುವುದನ್ನು ನಿಧಾನಗತಿಯಲ್ಲಿ ತೋರಿಸುವಷ್ಟು ಹೊತ್ತು ನಿಮ್ಮ ಕಾರನ್ನು ಆಟವೇ ಓಡಿಸಿಕೊಳ್ಳುತ್ತದೆ. ಹಿಂದೆ ಬಿದ್ದವರು ಬೇಗ ಮುಂದಿನವರನ್ನು ಸೇರಿಕೊಳ್ಳುವಂತೆ ಒಳಗಿಂದೊಳಗೆ ವೇಗ ಹೊಂದಿಸುವ ಏರ್ಪಾಡೂ ಇತ್ತು. ಅದನ್ನು ಮೋಸ ಎಂದು ಬೈದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಐದು ಸಲ ಗುದ್ದಿಯೂ ರೇಸ್ ಗೆಲ್ಲಬಹುದು ಎಂಬ ಭರವಸೆ ಇಲ್ಲದಿದ್ದರೆ, ಗುದ್ದಿಕೊಳ್ಳುವ ಧೈರ್ಯ ಯಾರಿಗೆ ಬರುತ್ತಿತ್ತು?

ಇನ್ನೊಂದು ಸಂಗತಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬರ್ನ್‌ಔಟ್‌ನ ಅಪಘಾತಗಳಲ್ಲಿ ಯಾರೂ ಸಾಯುವುದಿಲ್ಲ, ರಕ್ತವಿಲ್ಲ, ಪಾದಚಾರಿಗಳಿಲ್ಲ. 2008ರ 'ಬರ್ನ್‌ಔಟ್ ಪ್ಯಾರಡೈಸ್'ನ ಕಾರುಗಳೊಳಗೆ ಇಣುಕಿದರೆ ಸ್ಟೀರಿಂಗ್ ಹಿಂದಿನ ಸೀಟು ಖಾಲಿ. ನಂತರ ಸೇರಿಸಿದ ಬೈಕುಗಳಿಗೆ ಸವಾರ ಇರಲೇಬೇಕಾಯಿತು, ಆದರೆ ಗುದ್ದಿದ ಗಳಿಗೆಯಲ್ಲಿ ಅವನು ಮಾಯ. ಇಡೀ ನಗರದಲ್ಲಿ ಲೋಹ ಮತ್ತು ಗಾಜು ಮಾತ್ರ. ಈ ಖಾಲಿತನದಿಂದಾಗಿಯೇ ಕೈ ಹಿಂಜರಿಯುವುದಿಲ್ಲ.

2004ರಲ್ಲೇ ಬಂದ 'ಫ್ಲಾಟ್‌ಔಟ್' ಇದಕ್ಕೆ ತದ್ವಿರುದ್ಧ. ಅಲ್ಲಿ ಚಾಲಕ ಗಾಜು ಒಡೆದುಕೊಂಡು ಹೊರಗೆ ಹಾರುತ್ತಾನೆ. ನಗು ಬರುತ್ತದೆ, ಮರುಗಳಿಗೆ ಒಂದಿಷ್ಟು ಮುಜುಗರವೂ ಆಗುತ್ತದೆ. ಇತ್ತೀಚಿನ 'ಬೀಮ್‌ಎನ್‌ಜಿ' ಕಾರಿನ ಮೈಯನ್ನು ನೂರಾರು ಬಿಂದುಗಳು ಮತ್ತು ಅವುಗಳನ್ನು ಜೋಡಿಸುವ ಕೊಂಡಿಗಳಾಗಿ ಲೆಕ್ಕ ಹಾಕಿ, ತಗಡು ನಿಜಕ್ಕೂ ಹೇಗೆ ಬಗ್ಗುತ್ತದೋ ಹಾಗೇ ಬಗ್ಗಿಸುತ್ತದೆ. ಅದನ್ನು ನೋಡುತ್ತ ಬೆರಗಾಗುತ್ತೇನೆ. ಆದರೆ ಹಾಗೆ ಬಗ್ಗಿದ ಕಾರಿನ ಮುಂದೆ ಕೇಕೆ ಹಾಕಲು ನನಗೆ ಮನಸ್ಸು ಬಂದಿಲ್ಲ.

2005ರ 'ಬರ್ನ್‌ಔಟ್ ರಿವೆಂಜ್' ತನ್ನ ದಿಕ್ಕಿನ ಸಣ್ಣ ವಾಹನಗಳನ್ನು ಗುದ್ದಿ ಹಾರಿಸಲು ಬಿಟ್ಟು, ತಪ್ಪಿಸಿಕೊಳ್ಳುವ ರೋಮಾಂಚನವನ್ನು ತಾನೇ ತೆಳುವಾಗಿಸಿಕೊಂಡಿತು. 'ಪ್ಯಾರಡೈಸ್' ಇಡೀ ನಗರವನ್ನು ತೆರೆದಿಟ್ಟಿತು, ಆದರೆ ಜಂಕ್ಷನ್‌ಗಳ ಒಗಟನ್ನು ಕೈಬಿಟ್ಟು, ಕಾರನ್ನು ಚೆಂಡಿನಂತೆ ರಸ್ತೆಯುದ್ದಕ್ಕೂ ಪುಟಿಸುವ 'ಶೋಟೈಮ್' ಕೊಟ್ಟಿತು. ಹಳೆಯ ಅಭಿಮಾನಿಗಳಿಗೆ ಆ ಕೊರಗು ಇನ್ನೂ ಇದೆ. 2018ರಲ್ಲಿ ಅದೇ ಆಟ ಹೊಸ ಹೊಳಪಿನಲ್ಲಿ ಮತ್ತೆ ಬಂತು, ಹೊಸ ಕಂತು ಬರಲಿಲ್ಲ. 2023ರಲ್ಲಿ ಕ್ರೈಟೀರಿಯನ್‌ನ ಹೆಚ್ಚಿನವರನ್ನು 'ಬ್ಯಾಟಲ್‌ಫೀಲ್ಡ್' ಎಂಬ ಯುದ್ಧದ ಆಟಕ್ಕೆ ಹಚ್ಚಲಾಯಿತು.

ಸರಣಿಯ ಹಿಂದಿದ್ದ ಅಲೆಕ್ಸ್ ವಾರ್ಡ್ ಮತ್ತು ಫಿಯೋನಾ ಸ್ಪೆರಿ 2014ರಲ್ಲೇ ಹೊರಬಂದು ತಮ್ಮದೇ ಪುಟ್ಟ ಸಂಸ್ಥೆ ಕಟ್ಟಿದ್ದರು. 2017ರ 'ಡೇಂಜರ್ ಝೋನ್' ಕ್ರ್ಯಾಶ್ ಮೋಡನ್ನಷ್ಟೇ ಎತ್ತಿಕೊಂಡು ಮಾಡಿದ ಆಟ. 2019ರ 'ಡೇಂಜರಸ್ ಡ್ರೈವಿಂಗ್'ನಲ್ಲಿ ಟೇಕ್‌ಡೌನ್ ಮತ್ತೆ ಬಂತು. ಹಳೆಯ ವೈಭವ ಅದರಲ್ಲಿಲ್ಲ, ಆದರೆ ಒಂದು ಹೊಸ ಕಿತಾಪತಿ ಇದೆ: ಉರುಳಿಸಿದ ಕಾರುಗಳು ಮಾಯವಾಗುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತವೆ. ಮೊದಲ ಸುತ್ತಿನಲ್ಲಿ ಎದುರಾಳಿಯೊಬ್ಬನನ್ನು ಗೋಡೆಗೆ ಒತ್ತಿ, ಬೀಗುತ್ತ ಮುಂದೆ ಹೋಗುತ್ತೀರಿ. ಎರಡನೆಯ ಸುತ್ತಿನಲ್ಲಿ ಅದೇ ತಿರುವಿಗೆ ಪೂರ್ತಿ ಬೂಸ್ಟ್‌ನಲ್ಲಿ ಬಂದಾಗ, ರಸ್ತೆಯ ನಟ್ಟನಡುವೆ ಅವನ ಕಾರಿನ ಅವಶೇಷ ನಿಮಗಾಗಿ ಕಾಯುತ್ತಿರುತ್ತದೆ.